ಮೈಮೇಲೆ ಬಿದ್ದ ಬೆಳಕು: ಹಳೆಯ ಕಪ್ಪು-ಬಿಳುಪು ಶೈಲಿಯಲ್ಲಿ ದೇಹಚಿತ್ರ ತೆಗೆಯುವ ಬಗೆ

1936ರ ಒಂದು ಚಿತ್ರ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದ ಒಂದು ಮನೆ. ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಯುವತಿಯೊಬ್ಬರು ಮೊಣಕಾಲು ಮಡಚಿ ಕೂತಿದ್ದಾರೆ. ತೋಳುಗಳು ಕಾಲನ್ನು ಬಳಸಿವೆ, ತಲೆ ಮೊಣಕಾಲಿಗೆ ಬಾಗಿದೆ, ಮುಖ ಕಾಣುವುದಿಲ್ಲ. ಮೈಮೇಲೆ ಬಟ್ಟೆಯಿಲ್ಲ. ಆದರೂ ಕಣ್ಣು ಮೊದಲು ಹಿಡಿಯುವುದು ತೋಳು, ಕಾಲು, ತಲೆ ಸೇರಿ ಹೆಣೆದ ಒಂದು ಆಕಾರವನ್ನು. ತೆಗೆದವರು ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್, ಕೂತವರು ಕ್ಯಾರಿಸ್ ವಿಲ್ಸನ್. ಬಲತೋಳಿನ ಮೇಲೆ ಬಿದ್ದ ನೆರಳು ವೆಸ್ಟನ್ನರಿಗೆ ಕೊನೆಗೂ ಹಿಡಿಸಲಿಲ್ಲ. ಕ್ಯಾರಿಸ್ ಅವರಿಗೆ ಹಿಡಿಸದೆ ಹೋದದ್ದು ತಮ್ಮ ಸೊಟ್ಟ ಬೈತಲೆ ಮತ್ತು ಕೂದಲಿನ ಪಿನ್ನುಗಳು. ಎಷ್ಟೋ ವರ್ಷಗಳ ಮೇಲೆ ಇದನ್ನು ಅವರೇ ಬರೆದಿದ್ದಾರೆ.

ದೇಹಚಿತ್ರ ಕಲಿಯುವವರಿಗೆ ಈ ಎರಡು ತಕರಾರುಗಳೇ ಪಾಠ. ಒಂದು ಬೆಳಕಿಗೆ ಸಂಬಂಧಿಸಿದ್ದು, ಇನ್ನೊಂದು ಕ್ಯಾಮೆರಾದ ಮುಂದೆ ಕೂತ ವ್ಯಕ್ತಿಗೆ. ಮೊದಲನೆಯದನ್ನು ಪುಸ್ತಕಗಳು ಚೆನ್ನಾಗಿ ಹೇಳಿಕೊಡುತ್ತವೆ. ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಕ್ಯಾರಿಸ್ ವಿಲ್ಸನ್ ಬರಹಗಾರ್ತಿ. ವೆಸ್ಟನ್ ಹೆಸರಿನಲ್ಲಿ ಬಂದ ಎಷ್ಟೋ ಲೇಖನಗಳ ಹಿಂದೆ ಇದ್ದದ್ದು ಅವರ ಕೈ. ಛಾಯಾಗ್ರಾಹಕ ಆಲ್‌ಫ್ರೆಡ್ ಸ್ಟೀಗ್ಲಿಟ್ಜ್ 1917ರಿಂದ 1937ರವರೆಗೆ 300ಕ್ಕೂ ಹೆಚ್ಚು ಸಲ ಫೋಟೊ ತೆಗೆದ ಜಾರ್ಜಿಯಾ ಓಕೀಫ್ ದೊಡ್ಡ ವರ್ಣಚಿತ್ರಕಾರ್ತಿ. ಛಾಯಾಗ್ರಾಹಕ ಮ್ಯಾನ್ ರೇ ಅವರಿಗೆ ರೂಪದರ್ಶಿಯಾಗಿದ್ದ ಲೀ ಮಿಲ್ಲರ್ ಸ್ವತಃ ಛಾಯಾಗ್ರಾಹಕಿ. ಆ ಕಾಲದ ಒಳ್ಳೆಯ ಚಿತ್ರಗಳಲ್ಲಿ ಬಹಳಷ್ಟು ಹುಟ್ಟಿದ್ದು ಇಬ್ಬರ ಕೆಲಸದಿಂದ. ನೀವೂ ಹಾಗೆಯೇ ಕೆಲಸ ಮಾಡಬೇಕೆಂಬುದು ನನ್ನ ಆಸೆ.

ಬೇಕಾದದ್ದು ಕಡಿಮೆ: ಒಂದು ಕಿಟಕಿ, ಒಂದು ಕ್ಯಾಮೆರಾ ಅಥವಾ ಒಳ್ಳೆಯ ಫೋನು, ಟ್ರೈಪಾಡು, ಎರಡು ಬಟ್ಟೆ, ಮತ್ತು ಮನಸಾರೆ ಒಪ್ಪಿದ, 18 ತುಂಬಿದ ಒಬ್ಬ ವ್ಯಕ್ತಿ. ಬಟ್ಟೆ ಬಿಚ್ಚಲೇಬೇಕೆಂದೇನೂ ಇಲ್ಲ. ಕೈ, ಪಾದ, ಕತ್ತು, ಬೆನ್ನು ಇಷ್ಟರಲ್ಲೇ ಒಂದು ಜನ್ಮಕ್ಕಾಗುವಷ್ಟು ಕೆಲಸವಿದೆ.

1. ಮೊದಲು ನೋಡಿ

ವೆಸ್ಟನ್ ಚಿತ್ರಗಳ ಸಂಗ್ರಹ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಛಾಯಾಚಿತ್ರ ಕೇಂದ್ರದಲ್ಲಿದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ, ಲಾಸ್ ಏಂಜಲೀಸಿನ ಗೆಟ್ಟಿ ಇವೂ ತಮ್ಮ ಸಂಗ್ರಹವನ್ನು ಜಾಲತಾಣದಲ್ಲಿ ತೆರೆದಿಟ್ಟಿವೆ. ಫೋನಿನ ಪರದೆಯಲ್ಲಿ ನೋಡಬೇಡಿ, ದೊಡ್ಡ ಪರದೆಯಲ್ಲಿ ನೋಡಿ. ಬೆಂಗಳೂರಿನಲ್ಲಿರುವವರು ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ 'ಮ್ಯಾಪ್'ಗೆ ಹೋಗಿ ಹಳೆಯ ಬೆಳ್ಳಿ ಪ್ರಿಂಟು (ಬೆಳ್ಳಿಯ ಲವಣ ಲೇಪಿಸಿದ ಕಾಗದದ ಮೇಲೆ ಮೂಡಿಸಿದ ಫೋಟೊ) ಕಣ್ಣಾರೆ ಹೇಗಿರುತ್ತದೆ ಎಂದು ನೋಡಬಹುದು. ಅಚ್ಚಾದ ಪುಸ್ತಕಕ್ಕೂ ಪ್ರಿಂಟಿಗೂ ಇರುವ ಅಂತರ ಎದುರು ನಿಂತಾಗಲೇ ತಿಳಿಯುವುದು.

ನೋಡುವಾಗ ಒಂದು ಪೆನ್ಸಿಲ್ ಹಿಡಿದುಕೊಳ್ಳಿ. ಚಿತ್ರದ ಹೊರಗೆರೆಯನ್ನು ಮಾತ್ರ ಕಾಗದದ ಮೇಲೆ ಎಳೆಯಿರಿ. ಅತಿ ಬೆಳ್ಳಗಿನ ಜಾಗ ಒಂದು, ಅತಿ ಕಪ್ಪಾದ ಜಾಗ ಒಂದು ಗುರುತಿಸಿ. ಬೆಳಕು ಬಂದ ದಿಕ್ಕಿಗೆ ಬಾಣ ಹಾಕಿ. ಕೆಳಗಿನ ನಾಲ್ಕು ಚಿತ್ರಗಳಿಗೆ ಇಷ್ಟು ಮಾಡಿದರೂ ಅರ್ಧ ದಾರಿ ಬಂದಂತೆ.

ವೆಸ್ಟನ್ 1925ರಲ್ಲಿ ಮೆಕ್ಸಿಕೊದಲ್ಲಿ ತೆಗೆದ ಅನಿತಾ ಬ್ರೆನರ್ ಅವರ ಬೆನ್ನು: ತಲೆಯಿಲ್ಲ, ಕೈಕಾಲಿಲ್ಲ, ಪೇರ್ ಹಣ್ಣಿನ ಆಕಾರದ ಒಂದೇ ರೂಪ. ಇಮೊಜೆನ್ ಕನಿಂಗ್‌ಹ್ಯಾಮ್ ಅವರ 1928ರ 'ಟ್ರಯಾಂಗಲ್ಸ್': ಮೈ ಮಡಿಕೆಗಳ ನಡುವೆ ನೆರಳೇ ತ್ರಿಕೋನಗಳನ್ನು ಕಡೆದಿದೆ. ರುತ್ ಬರ್ನ್‌ಹಾರ್ಡ್ 1962ರಲ್ಲಿ ತೆಗೆದದ್ದು: ರಟ್ಟಿನ ಪೆಟ್ಟಿಗೆಯೊಳಗೆ ಮಲಗಿದ ಹೆಣ್ಣು, ಪೆಟ್ಟಿಗೆಯ ನೇರ ಅಂಚಿಗೆ ಎದುರಾಗಿ ಮೈಯ ಬಳುಕು. ಸ್ಟೀಗ್ಲಿಟ್ಜ್ 1919ರಲ್ಲಿ ತೆಗೆದ ಓಕೀಫ್ ಕೈಗಳು: ಬೆರಳಿಗೆ ಹೊಲಿಗೆಯ ಅಂಗುಸ್ತಾನ, ಬೇರೇನೂ ಇಲ್ಲ. ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಎರಡು ಕೈಗಳಲ್ಲಿ ಒಬ್ಬ ವ್ಯಕ್ತಿ ಪೂರ್ತಿ ಇದ್ದಾಳೆ.

2. ಮನುಷ್ಯರಿಗಿಂತ ಮೊದಲು ದೊಣ್ಣೆ ಮೆಣಸಿನಕಾಯಿ

1930ರಲ್ಲಿ ವೆಸ್ಟನ್ ದೊಣ್ಣೆ ಮೆಣಸಿನಕಾಯಿಯೊಂದನ್ನು ತಗಡಿನ ಲಾಳಿಕೆಯೊಳಗಿಟ್ಟು ಚಿತ್ರ ತೆಗೆದರು. 'ಪೆಪ್ಪರ್ ನಂ. 30' ಎಂದು ಜಗತ್ತಿಗೆ ಗೊತ್ತಿರುವ ಚಿತ್ರ ಅದು. ಲಾಳಿಕೆಯ ಓರೆ ಗೋಡೆಗಳು ಸುತ್ತಲಿಂದ ಬೆಳಕನ್ನು ಮೃದುವಾಗಿ ತಿರುಗಿಸಿಕೊಟ್ಟು, ಕಾಯಿಯ ಹಿಂದೆ ತಾವೇ ಕಪ್ಪಾಗಿ ನಿಂತವು. ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರನ್ನು ತೀರ ಕಿರಿದು ಮಾಡಿದ್ದರಿಂದ ಎಕ್ಸ್‌ಪೋಷರ್, ಅಂದರೆ ಫಿಲ್ಮಿನ ಮೇಲೆ ಬೆಳಕು ಬೀಳುವ ಹೊತ್ತು, ಬಹಳ ಉದ್ದವಾಯಿತು. ಕಾಯಿಯ ಉಬ್ಬು ತಗ್ಗುಗಳು ಬಾಗಿದ ಬೆನ್ನಿನ ಹಾಗೆ ಕಾಣುತ್ತವೆ ಎಂದು ನೋಡಿದವರೆಲ್ಲ ಹೇಳುತ್ತಾರೆ.

ನೀವೂ ಸಂತೆಯಲ್ಲಿ ಸೊಟ್ಟಗಿರುವ ಕಾಯಿಯನ್ನೇ ಹುಡುಕಿ ತನ್ನಿ. ಕಿಟಕಿಯ ಪಕ್ಕ ಮೇಜಿನ ಮೇಲಿಟ್ಟು ಒಂದು ಇಡೀ ಬೆಳಗು ಅದನ್ನು ತಿರುಗಿಸುತ್ತಾ ಹೋಗಿ. ಬೆಳಕು ಎದುರಿನಿಂದ ಬಂದರೆ ಏನಾಗುತ್ತದೆ, ಪಕ್ಕದಿಂದ ಬಂದರೆ ಏನಾಗುತ್ತದೆ, ಹಿಂದೆ ಬಿಳಿ ಕಾಗದ ಇಟ್ಟರೆ ಅಂಚು ಎಲ್ಲಿ ಕರಗುತ್ತದೆ? ಕಾಯಿಗೆ ಚಳಿಯಾಗದು, ಕಾಲು ಜೋಮು ಹಿಡಿಯದು, ಬೇಸರ ಬಾರದು. ಬೆಳಕನ್ನು ಹುಡುಕುತ್ತಾ ಮನುಷ್ಯರನ್ನು ಗಂಟೆಗಟ್ಟಲೆ ಕೂರಿಸುವುದು ಸರಿಯಲ್ಲ. ಆ ಹುಡುಕಾಟವನ್ನು ಇಲ್ಲೇ ಮುಗಿಸಿಕೊಳ್ಳಿ.

3. ಯಾರು, ಎಷ್ಟು, ಯಾರಿಗೆ ತೋರಿಸಲು

ಈ ಹೆಜ್ಜೆಯನ್ನು ಹಾರಿ ಮುಂದೆ ಹೋಗಬೇಡಿ. ಚಿತ್ರ ತೆಗೆಯುವ ದಿನಕ್ಕಿಂತ ಮೊದಲೇ, ಕ್ಯಾಮೆರಾ ಇಲ್ಲದೆ, ಕೂತು ಮಾತಾಡಿ. ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಯಾವುದು ಎಂದು ಹಳೆಯ ಪ್ರಿಂಟುಗಳನ್ನು ತೋರಿಸಿ ವಿವರಿಸಿ. ಬಟ್ಟೆ ಎಷ್ಟಿರಬೇಕು, ಮುಖ ಕಾಣಬಹುದೇ, ಮಚ್ಚೆ, ಗಾಯದ ಗುರುತು, ಹಚ್ಚೆ ಕಾಣಬಹುದೇ ಎಂಬುದನ್ನು ಅವರೇ ಹೇಳಲಿ. ಅವರಿಗೆ ಬೇಕಾದವರೊಬ್ಬರು ಜೊತೆಗೆ ಬರಬಹುದು ಎಂದು ನೀವಾಗಿಯೇ ಹೇಳಿ. ಕೇಳುವ ಮುಜುಗರ ಅವರಿಗೆ ಬೇಡ. ನಡುವೆ ಯಾವ ಗಳಿಗೆಯಲ್ಲಾದರೂ ನಿಲ್ಲಿಸಬಹುದು, ಕಾರಣ ಹೇಳಬೇಕಿಲ್ಲ ಎಂಬುದೂ ಮೊದಲೇ ಸ್ಪಷ್ಟವಿರಲಿ. ಚಿತ್ರ ತೆಗೆಯುವಾಗ ಮುಟ್ಟಿ ಭಂಗಿ ಸರಿಪಡಿಸಬೇಡಿ. ಬಾಯಲ್ಲಿ ಹೇಳಿ, ಇಲ್ಲವೇ ನೀವೇ ಕೂತು ತೋರಿಸಿ.

ಒಪ್ಪಿಗೆ ಎರಡು ಬಗೆಯದು, ಎರಡನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಬೇಕು: ತೆಗೆಯುವುದಕ್ಕೆ ಒಂದು, ತೋರಿಸುವುದಕ್ಕೆ ಇನ್ನೊಂದು. ಕಾನೂನೂ ಇದನ್ನು ಬೇರೆಯಾಗಿಯೇ ನೋಡುತ್ತದೆ. ಹೆಣ್ಣೊಬ್ಬಳು ಖಾಸಗಿ ಚಿತ್ರ ತೆಗೆಯಲು ಒಪ್ಪಿದ್ದು, ಹಂಚಲು ಒಪ್ಪದಿದ್ದಾಗ ಅದನ್ನು ಹಂಚಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಹೆಣ್ಣಾಗಲಿ ಗಂಡಾಗಲಿ, ಒಪ್ಪಿಗೆಯಿಲ್ಲದೆ ಖಾಸಗಿ ಅಂಗದ ಚಿತ್ರ ತೆಗೆಯುವುದು, ಪ್ರಕಟಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ನಿಗೆ ಬರುತ್ತದೆ; 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 18 ತುಂಬದವರ ವಿಷಯದಲ್ಲಿ ಮಾತೇ ಇಲ್ಲ. ಅವರೊಪ್ಪಲಿ, ಹೆತ್ತವರೊಪ್ಪಲಿ, ಇಂಥ ಚಿತ್ರ ತೆಗೆಯಬಾರದು.

ಬೆತ್ತಲೆ ಚಿತ್ರವೆಂದರೆಲ್ಲ ಅಶ್ಲೀಲವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಟೆನಿಸ್ ಆಟಗಾರ ಬೋರಿಸ್ ಬೆಕರ್ ಮತ್ತು ಬಾರ್ಬರಾ ಫೆಲ್ಟಸ್ ಅವರ ಚಿತ್ರವೊಂದನ್ನು ಭಾರತದ ಪತ್ರಿಕೆಗಳು 1993ರಲ್ಲಿ ಮರುಮುದ್ರಿಸಿದ್ದವು. 2014ರ ತೀರ್ಪು ಆ ಚಿತ್ರ ಅಶ್ಲೀಲವಲ್ಲ ಎಂದಿತು. ಹಳೆಯ ಬ್ರಿಟಿಷ್ ಅಳತೆಗೋಲನ್ನು ಬಿಟ್ಟು, ಈಗಿನ ಸಮಾಜ ಚಿತ್ರವನ್ನು ಅದರ ಸಂದರ್ಭದಲ್ಲಿ ಹೇಗೆ ನೋಡುತ್ತದೆ ಎಂಬುದನ್ನು ಅಳತೆಯಾಗಿ ಹಿಡಿಯಿತು. ಇದರಿಂದ ಧೈರ್ಯ ಬಂದರೆ ಒಳ್ಳೆಯದೇ. ಆದರೆ ಬೆತ್ತಲೆ ಫೋಟೊಗಳನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ ಎಂದೇ ನನ್ನ ಸಲಹೆ. ಅಲ್ಲಿಗೆ ಹೋದ ಚಿತ್ರ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹಿಂದಕ್ಕೆ ಕರೆಯಲು ನಿಮ್ಮಿಂದಲೂ ಆಗದು, ಅವರಿಂದಲೂ ಆಗದು.

ಯಾರನ್ನು ಕೇಳುವುದು? ತಮ್ಮ ಮೈಯನ್ನು ತಾವು ಬಲ್ಲವರನ್ನು ಕೇಳಿ. ಯೋಗ ಮಾಡುವವರು, ಭರತನಾಟ್ಯದವರು, ಗರಡಿಯಲ್ಲಿ ಪಳಗಿದವರು ಒಂದು ಭಂಗಿಯನ್ನು ಸಲೀಸಾಗಿ ಹಿಡಿದು ನಿಲ್ಲಬಲ್ಲರು. ವೆಸ್ಟನ್ ಕ್ಯಾಲಿಫೋರ್ನಿಯಾದಲ್ಲಿ ಕ್ಯಾರಿಸ್ ಅವರ ಮೊದಲ ಚಿತ್ರಗಳನ್ನು ತೆಗೆದ 1934ರಲ್ಲೇ ನಮ್ಮ ಮೈಸೂರಿನ ಟಿ. ಕೃಷ್ಣಮಾಚಾರ್ಯರ 'ಯೋಗ ಮಕರಂದ' ಕನ್ನಡದಲ್ಲಿ ಹೊರಬಂತು. ಅದರ ಆಸನದ ಫೋಟೊಗಳು ಕಲಿಸಲೆಂದು ತೆಗೆದವು, ಕಲೆಗೆಂದಲ್ಲ. ಆದರೂ ಮೈಯನ್ನು ಗೆರೆಯಾಗಿ ನೋಡುವ ಕಣ್ಣು ಅವುಗಳಲ್ಲಿದೆ. ಯಾರೂ ಸಿಗದಿದ್ದರೆ ನೀವೇ ಇದ್ದೀರಿ. ವರ್ಣಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ಶೇರ್‌ಗಿಲ್ 15 ದಿನ ಉಪವಾಸ ಮಾಡಿ 1930ರಲ್ಲಿ ತಮ್ಮದೇ ಬರಿಮೈಯ ಚಿತ್ರ ತೆಗೆದುಕೊಂಡರು. ಭಾರತೀಯರು ತೆಗೆದ ದೇಹಚಿತ್ರಗಳ ಮಾತು ಬಂದಾಗ ನಾನು ಮೊದಲು ನೆನೆಯುವುದು ಅದನ್ನೇ.

4. ಕಿಟಕಿ ಆರಿಸುವುದು

ಯುರೋಪಿನ ಪುಸ್ತಕಗಳು ಉತ್ತರದ ಕಿಟಕಿಯನ್ನೇ ಆರಿಸಿ ಎನ್ನುತ್ತವೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣದ ಕಡೆಗೇ ಇರುತ್ತಾನೆ, ಹಾಗಾಗಿ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದು ತೀರ ಕಡಿಮೆ. ನಮ್ಮಲ್ಲಿ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುತ್ತೇವಲ್ಲ, ಅದು. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿದಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ನೇರ ಬಿಸಿಲು ಬರಬಹುದು. ಸ್ಥಿರವಾದ ಮೃದು ಬೆಳಕು ಬೇಕಾದರೆ ದಕ್ಷಿಣದ ಕಿಟಕಿಗೆ ಹೋಗಿ. ಉಳಿದ ತಿಂಗಳುಗಳಲ್ಲಿ ಪುಸ್ತಕದ ಮಾತು ನಡೆಯುತ್ತದೆ.

ಬಿಸಿಲು ಒಳಗೆ ಬರುತ್ತಿದ್ದರೆ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ಇಡೀ ಪಂಚೆಯೇ ಬೆಳಕಿನ ಮೂಲವಾಗುತ್ತದೆ, ನೆರಳಿನ ಅಂಚು ಮೃದುವಾಗುತ್ತದೆ. ಹಿನ್ನೆಲೆ ಕಪ್ಪಾಗಿರಬೇಕಾದರೆ ಕರಿ ಕಂಬಳಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಒರಟು ಉಣ್ಣೆ ಬೆಳಕನ್ನು ನುಂಗುತ್ತದೆ, ಸ್ಯಾಟಿನ್ ಹಾಗೆ ಹೊಳೆಯುವುದಿಲ್ಲ. ಬಿಳಿ ಬೇಕಾದರೆ ಸುಣ್ಣ ಹೊಡೆದ ಗೋಡೆ. ನೆರಳಿನ ಕಡೆಯನ್ನು ತುಸು ಎತ್ತಲು ಥರ್ಮಾಕೋಲ್ ಹಲಗೆ, ಇನ್ನಷ್ಟು ಕಪ್ಪಾಗಿಸಲು ಅದೇ ಜಾಗದಲ್ಲಿ ಕಂಬಳಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ಎರಡು ಬೆಳಕು ಕೂಡಿದಲ್ಲಿ ನೆರಳು ಎರಡಾಗಿ ರೂಪ ಕೆಡುತ್ತದೆ.

ಕಿಟಕಿಯ ಹೊರಗಿನಿಂದ ಯಾರಿಗೂ ಒಳಗೆ ಕಾಣದಂತಿರಲಿ. ಬಾಗಿಲಿಗೆ ಒಳಗಿನಿಂದ ಚಿಲಕ, ಬದಲಿಸಿಕೊಳ್ಳಲು ಬೇರೆ ಕೋಣೆ, ಹೊದೆಯಲು ಸ್ವಚ್ಛವಾದ ಶಾಲು, ಕುಡಿಯಲು ನೀರು ಸಿದ್ಧವಿರಲಿ.

5. ಬೆಳಕಿನ ಮೂರು ದಿಕ್ಕು

ಈ ಶೈಲಿಯ ಜೀವಾಳ ಇರುವುದು ಇಲ್ಲಿ. ಕಪ್ಪು-ಬಿಳುಪಿನಲ್ಲಿ ಮೈಯ ದುಂಡುತನ ಕಾಣುವುದಕ್ಕೆ ಕಾರಣ ಒಂದೇ: ಚರ್ಮ ಬೆಳಕಿನ ಕಡೆಗೆ ನೇರವಾಗಿ ಮುಖ ಮಾಡಿದಲ್ಲಿ ಬೆಳ್ಳಗಾಗುತ್ತದೆ, ಬೆಳಕಿನಿಂದ ತಿರುಗುತ್ತ ಹೋದ ಹಾಗೆ ಕಪ್ಪಾಗುತ್ತದೆ. ಈ ಒಂದು ನಿಯಮವನ್ನು ಕಣ್ಣಿಗೆ ಹತ್ತಿಸಿಕೊಂಡರೆ ಸಾಕು, ಬೆಳಕಿನ ನಕ್ಷೆಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಬೆಳಕು ನಿಮ್ಮ ಬೆನ್ನ ಹಿಂದಿನಿಂದ, ಕ್ಯಾಮೆರಾದ ದಿಕ್ಕಿನಲ್ಲೇ ಬಂತೆನ್ನಿ. ಮೈಯ ನಡುಭಾಗ ಬೆಳಗುತ್ತದೆ, ಅಂಚುಗಳು ಬೆಳಕಿನಿಂದ ತಿರುಗಿರುವುದರಿಂದ ತೆಳುವಾಗಿ ಕಪ್ಪಾಗುತ್ತವೆ. ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಇಡೀ ರೂಪದ ಸುತ್ತ ಬರುತ್ತದೆ. ತಿಳಿ ಹಿನ್ನೆಲೆಯ ಮುಂದೆ ಇದು ತುಂಬ ಚೆಂದ. ಎದುರು ಬೆಳಕು ಚಪ್ಪಟೆ, ಕೆಲಸಕ್ಕೆ ಬಾರದ್ದು ಎಂಬ ಮಾತನ್ನು ನಂಬಬೇಡಿ. ಮುಖದ ಫೋಟೊಗೆ ಅದು ಸರಿಯಿರಬಹುದು, ಬೆನ್ನಿಗೆ ತೊಡೆಗೆ ಅಲ್ಲ.

ಪಕ್ಕದ ಬೆಳಕು ಎಲ್ಲರಿಗೂ ಗೊತ್ತಿರುವಂಥದ್ದು. ಅರ್ಧ ಮೈ ಬೆಳಕು, ಅರ್ಧ ಕತ್ತಲು. ಬೆನ್ನೆಲುಬಿನ ಕಾಲುವೆ, ಹೆಗಲ ಮೂಳೆ, ಪಕ್ಕೆಲುಬು, ಮೀನಖಂಡ ಎಲ್ಲ ಎದ್ದು ನಿಲ್ಲುತ್ತವೆ. ಬೆಳಕಿನಿಂದ ಕತ್ತಲಿಗೆ ದಾಟುವ ಆ ಗಡಿಗೆರೆಯನ್ನು ಮಾತ್ರ ಗಮನಿಸಿ. ಅದು ಬೆನ್ನಿನ ಮೇಲೆ ಎಲ್ಲಿ ಹರಿಯುತ್ತದೆ ಎಂಬುದೇ ಚಿತ್ರ. ವ್ಯಕ್ತಿ ಎರಡು ಇಂಚು ತಿರುಗಿದರೂ ಗಡಿ ಬದಲಾಗುತ್ತದೆ. ಕ್ಯಾಮೆರಾ ಕದಲಿಸುವ ಮೊದಲು ಅವರನ್ನು ನಿಧಾನವಾಗಿ ಸುತ್ತಲು ಹೇಳಿ. ಗೆರೆ ಸರಿಯಾದ ಜಾಗಕ್ಕೆ ಬಂದಾಗ ನಿಲ್ಲಿಸಿ.

ಮೂರನೆಯದು ಹಿಂದಿನ ಓರೆ ಬೆಳಕು. ವ್ಯಕ್ತಿ ಕಿಟಕಿಗೂ ನಿಮಗೂ ನಡುವೆ, ಆದರೆ ಕಿಟಕಿ ಚಿತ್ರದ ಚೌಕಟ್ಟಿನ ಹೊರಗೆ. ಈಗ ಅಂಚುಗಳು ಬೆಳಗುತ್ತವೆ, ನಡುಭಾಗ ಕತ್ತಲಾಗುತ್ತದೆ. ಕರಿ ಕಂಬಳಿಯ ಮುಂದೆ ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ಮೊಣಕೈಗೆ ಒಂದೇ ಬೆಳ್ಳಿಗೆರೆ. ಮೈಯನ್ನು ತೋರಿಸಲು ಹಿಂಜರಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ: ಬಹುಪಾಲು ಮೈ ಕತ್ತಲಲ್ಲೇ ಉಳಿಯುತ್ತದೆ, ಯಾರೆಂದು ಗುರುತೂ ಸಿಗದು.

6. ನಮ್ಮ ಮೈಬಣ್ಣಕ್ಕೆ ಎಕ್ಸ್‌ಪೋಷರ್

ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ವಲಯ ಪದ್ಧತಿ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳಿಗೆ ಏರುವ ಸಂಖ್ಯೆ ಕೊಡುತ್ತದೆ; ಅದರಲ್ಲಿ ನಡು ಬೂದುಬಣ್ಣ 5ನೇ ವಲಯ. ಪುಸ್ತಕಗಳು ಚರ್ಮವನ್ನು 6ನೇ ವಲಯದಲ್ಲಿಡಿ ಎನ್ನುತ್ತವೆ. ಅದು ಬಿಳಿಯರ ಚರ್ಮದ ಲೆಕ್ಕ. ಗೋಧಿ ಬಣ್ಣಕ್ಕೆ 5, ಕಪ್ಪು ಮೈಗೆ 4 ಇಟ್ಟರೆ ಮೈ ಮೈಯಂತೆಯೇ ಕಾಣುತ್ತದೆ. ಎಲ್ಲರನ್ನೂ 6ಕ್ಕೆ ಏರಿಸಿ ಬೆಳ್ಳಗೆ ಮಾಡುವ ಚಾಳಿ ನಮ್ಮ ಸ್ಟುಡಿಯೊಗಳಲ್ಲಿ ಬೇರುಬಿಟ್ಟಿದೆ. ದಯವಿಟ್ಟು ಅದನ್ನು ಇಲ್ಲಿಗೆ ತರಬೇಡಿ. ಕಪ್ಪು ಚರ್ಮ ದೇಹಚಿತ್ರಕ್ಕೆ ಒಂದು ವರ. ತಿಳಿ ಚರ್ಮದಲ್ಲಿ ರೂಪವನ್ನು ನೆರಳು ಹೇಳಿದರೆ, ಕಪ್ಪು ಚರ್ಮದಲ್ಲಿ ಹೊಳಪು ಹೇಳುತ್ತದೆ. ಪಂಚೆ ಕಟ್ಟಿದ ದೊಡ್ಡ ಕಿಟಕಿಯ ಪ್ರತಿಬಿಂಬ ಹೆಗಲ ಮೇಲೆ ಉದ್ದ ಹೊಳಪಾಗಿ ಮಲಗುತ್ತದೆ. ಅದು ಸಾಲದಿದ್ದರೆ ಅಂಗೈಯಲ್ಲಿ ಒಂದೆರಡು ಹನಿ ಕೊಬ್ಬರಿ ಎಣ್ಣೆ, ಅವರೇ ಹಚ್ಚಿಕೊಳ್ಳಲಿ. ಜಾಸ್ತಿಯಾದರೆ ಹೊಳಪು ತುಂಡುತುಂಡಾಗುತ್ತದೆ.

ಕರಿ ಕಂಬಳಿಯ ಮುಂದೆ ಕ್ಯಾಮೆರಾವನ್ನು ಆಟೊದಲ್ಲಿ ಬಿಟ್ಟರೆ ಅದು ಕಂಬಳಿಯನ್ನು ಬೂದು ಮಾಡಲು ಹೋಗಿ ಮೈಯನ್ನು ಸುಟ್ಟುಬಿಡುತ್ತದೆ. ಆದ್ದರಿಂದ ಮ್ಯಾನುಯಲ್ ಇಟ್ಟುಕೊಳ್ಳಿ. ಹಳೆಯ ಒಂದು ಉಪಾಯ: ಅದೇ ಬೆಳಕಿನಲ್ಲಿ ಅಂಗೈ ಹಿಡಿದು ಅದನ್ನು ಮೀಟರ್ ಮಾಡಿ, ಬಂದ ಅಳತೆಗಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಡಿ. ಮೈಬಣ್ಣ ಯಾವುದೇ ಇರಲಿ, ಅಂಗೈಗಳ ನಡುವೆ ಅಷ್ಟು ವ್ಯತ್ಯಾಸ ಇರುವುದಿಲ್ಲ. ಡಿಜಿಟಲ್ ಆದರೆ ಹೆಗಲ ಹೊಳಪು ಪೂರ್ತಿ ಬಿಳಿಯಾಗಿ ಸುಟ್ಟಿದೆಯೇ ಎಂದು ಹಿಸ್ಟೊಗ್ರಾಮಿನ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆಯ) ಬಲತುದಿ ನೋಡಿ. ಫಿಲ್ಮ್ ಆದರೆ ವಿವರ ಉಳಿಯಬೇಕಾದ ನೆರಳನ್ನು ನೋಡಿ ಎಕ್ಸ್‌ಪೋಷರ್ ಕೊಡಿ.

7. ಕ್ಯಾಮೆರಾ, ಲೆನ್ಸು

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪೂರ್ಣ ಫ್ರೇಮಿನಲ್ಲಿ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನಲ್ಲಿ) 50ರಿಂದ 85 ಮಿ.ಮೀ. ಲೆನ್ಸು, ಅಪರ್ಚರ್ ಎಫ್/8 ಅಥವಾ ಎಫ್/11 (ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು), ಟ್ರೈಪಾಡು. ಫೋನಿನಲ್ಲಾದರೆ ಎರಡು ಪಟ್ಟಿನ ಲೆನ್ಸು. ಪೋರ್ಟ್ರೇಟ್ ಮೋಡ್ ಬೇಡ, ಅದು ಕೃತಕವಾಗಿ ಅಂಚುಗಳನ್ನು ಮಸುಕು ಮಾಡುತ್ತದೆ, ನಮಗೆ ಬೇಕಾದದ್ದೇ ಅಂಚು. 1932ರಲ್ಲಿ ವೆಸ್ಟನ್, ಆಡಮ್ಸ್, ಕನಿಂಗ್‌ಹ್ಯಾಮ್ ಮತ್ತಿತರರು ಕಟ್ಟಿಕೊಂಡ ಬಳಗಕ್ಕೆ ಎಫ್/64 ಎಂಬ ಹೆಸರು ಬಂದದ್ದೂ ಈ ಸ್ಪಷ್ಟತೆಯ ಹಂಬಲದಿಂದ. ದೊಡ್ಡ ಕ್ಯಾಮೆರಾದ ಆ ಸಂಖ್ಯೆಯನ್ನು ನಿಮ್ಮ ಸಣ್ಣ ಕ್ಯಾಮೆರಾದಲ್ಲಿ ಅನುಕರಿಸಬೇಡಿ, ಎಫ್/16 ದಾಟಿದರೆ ಚಿತ್ರ ಮೆತ್ತಗಾಗುತ್ತದೆ.

ಅಗಲ ಲೆನ್ಸಿನ ದಾರಿಯೂ ಒಂದಿದೆ. ಇಂಗ್ಲೆಂಡಿನ ಬಿಲ್ ಬ್ರಾಂಟ್ 1945ರ ಸುಮಾರಿಗೆ ಹಳೆಯ ಮರದ ಕೊಡ್ಯಾಕ್ ಕ್ಯಾಮೆರಾವೊಂದನ್ನು ಕೊಂಡರು. ಪೊಲೀಸರು ಅಪರಾಧದ ಸ್ಥಳ ದಾಖಲಿಸಲು ಬಳಸುತ್ತಿದ್ದ ಬಗೆಯದು. ಇಡೀ ಕೋಣೆ ಒಂದೇ ಚಿತ್ರದಲ್ಲಿ ಹಿಡಿಯುವಷ್ಟು ಅಗಲ. ಅದರ ಮುಂದೆ ಕೂತವರ ಹತ್ತಿರದ ಕಾಲು ಬಂಡೆಯಾಯಿತು, ದೂರದ ತಲೆ ಸಣ್ಣದಾಯಿತು. ಆಮೇಲೆ ಕಡಲತೀರದ ಬೆಣಚುಕಲ್ಲುಗಳ ನಡುವೆ ಮೊಣಕೈ, ಕಿವಿ, ಬೆರಳುಗಳನ್ನು ಕಲ್ಲುಗಳೇ ಎಂಬಂತೆ ತೆಗೆದರು. 1961ರಲ್ಲಿ ಅವು ಪುಸ್ತಕವಾದವು. ಅಗಲ ಲೆನ್ಸಿಟ್ಟು ಹತ್ತಿರ ಹೋಗುವುದಾದರೆ ಇಷ್ಟು ದೂರ ಹೋಗಿ. ಅರ್ಧಂಬರ್ಧ ವಿರೂಪ ಬರೀ ತಪ್ಪಿನಂತೆ ಕಾಣುತ್ತದೆ, ಕೂತವರಿಗೂ ನೋವಾಗುತ್ತದೆ.

8. ಚಿತ್ರ ತೆಗೆಯುವ ದಿನ

ಹಿಂದಿನ ದಿನವೇ ರೂಪದರ್ಶಿಗೆ ಒಂದು ಮಾತು ಹೇಳಿ: ಬರುವಾಗ ಸಡಿಲ ಬಟ್ಟೆ ತೊಟ್ಟು ಬನ್ನಿ. ಸೊಂಟದ ಎಲಾಸ್ಟಿಕ್, ಸಾಕ್ಸು, ಬಿಗಿ ಒಳಉಡುಪು, ವಾಚು ಬಿಟ್ಟ ಗುರುತು ಮಾಯಲು ಅರ್ಧದಿಂದ ಒಂದು ಗಂಟೆ ಬೇಕು. ಪಕ್ಕದ ಬೆಳಕಿನಲ್ಲಿ ಆ ಗುರುತು ಗಾಯದಂತೆ ಎದ್ದು ಕಾಣುತ್ತದೆ. ಕೂದಲು, ಪಿನ್ನು, ಉಡಿದಾರ, ತಾಯಿತ, ಉಂಗುರ, ಉಗುರುಬಣ್ಣ ಯಾವುದಿರಲಿ ಯಾವುದು ಬೇಡ ಎಂದು ಇಬ್ಬರೂ ಕನ್ನಡಿಯ ಮುಂದೆ ನಿಂತು ತೀರ್ಮಾನಿಸಿ. ಕ್ಯಾರಿಸ್ ಅವರ ಪಿನ್ನುಗಳನ್ನು ಆ ದಿನ ಯಾರೂ ಗಮನಿಸಲಿಲ್ಲ. 8×10 ಇಂಚಿನ ನೆಗೆಟಿವ್ ಮಾತ್ರ ಒಂದನ್ನೂ ಬಿಡದೆ ದಾಖಲಿಸಿತು.

ಶುರು ಕೈಗಳಿಂದ. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಹಿಡಿಯಲಿ, ಬೆರಳುಗಳು ಹೆಣೆಯಲಿ, ಬಿಡಲಿ. ಆಮೇಲೆ ಪಾದ, ಹಿಮ್ಮಡಿ, ಕತ್ತಿನ ಹಿಂಭಾಗ. ಅಷ್ಟರಲ್ಲಿ ಇಬ್ಬರ ಉಸಿರೂ ಹದಕ್ಕೆ ಬಂದಿರುತ್ತದೆ. ನಂತರ ಬೆನ್ನು. ಬೆನ್ನಿಗೆ ಮೂರು ಭಂಗಿ ಸಾಕು: ನೆಟ್ಟಗೆ ಕೂತು ತೋಳುಗಳನ್ನು ಎದೆಗೆ ಕಟ್ಟಿಕೊಂಡಾಗ ಹೆಗಲ ಮೂಳೆಗಳು ರೆಕ್ಕೆಯಾಗಿ ಬಿಚ್ಚಿಕೊಳ್ಳುತ್ತವೆ, ಒಂದು ತೋಳು ಮೇಲೆತ್ತಿದಾಗ ಅಳ್ಳೆಯ ಗೆರೆ ಉದ್ದವಾಗುತ್ತದೆ, ಮುಂದಕ್ಕೆ ಬಾಗಿದಾಗ ಬೆನ್ನೆಲುಬಿನ ಗೆಣ್ಣುಗಳು ಒಂದೊಂದಾಗಿ ಮೂಡುತ್ತವೆ. ಬಟ್ಟೆಯೊಂದಿಗೂ ಇದು ಸಾಧ್ಯ. ಫ್ಯಾಷನ್ ಛಾಯಾಗ್ರಾಹಕ ಹಾರ್ಸ್ಟ್ 1939ರಲ್ಲಿ ಪ್ಯಾರಿಸಿನಲ್ಲಿ ತೆಗೆದ ಪ್ರಸಿದ್ಧ ಬೆನ್ನಿನ ಮೇಲೆ ಸಡಿಲಿಸಿದ ಲಾಡಿಗಳ ಕವಚವಿದೆ. ಕನಿಂಗ್‌ಹ್ಯಾಮ್ 1931ರಲ್ಲಿ ನರ್ತಕಿ ಮಾರ್ಥಾ ಗ್ರಹಾಂ ಅವರ ಕೈ ಮುಖಗಳಿಂದಲೇ ಇಡೀ ನೃತ್ಯವನ್ನು ಹಿಡಿದರು.

ಚೌಕಟ್ಟು ಕಟ್ಟುವಾಗ ಕೀಲಿನ ಮೇಲೆ ಕತ್ತರಿಸಬೇಡಿ. ಮಣಿಕಟ್ಟಿನಲ್ಲಿ, ಮೊಣಕಾಲಿನಲ್ಲಿ ಅಂಚು ಬಂದರೆ ಅಂಗ ತುಂಡಾದಂತೆ ಅನ್ನಿಸುತ್ತದೆ. ತೋಳಿನ ನಡುವೆ, ತೊಡೆಯ ನಡುವೆ ಕತ್ತರಿಸಿದರೆ ಗೆರೆ ಹೊರಗೂ ಮುಂದುವರಿಯುತ್ತದೆ. ತೋಳಿಗೂ ಸೊಂಟಕ್ಕೂ ನಡುವಿನ ಖಾಲಿ ಜಾಗವನ್ನು ಒಂದು ಆಕಾರವೆಂದೇ ನೋಡಿ. ಅದು ಮುಚ್ಚಿಹೋದರೆ ನಡು ದಪ್ಪವಾಗಿ ಕಾಣುತ್ತದೆ, ತುಸು ತೆರೆದರೆ ಉಸಿರಾಡುತ್ತದೆ. ಉಸಿರು ಪೂರ್ತಿ ಬಿಟ್ಟ ಕ್ಷಣದಲ್ಲಿ ಕ್ಲಿಕ್ಕಿಸಿ, ಹೆಗಲು ಇಳಿದಿರುತ್ತದೆ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬಿಡುವು ಕೊಡಿ, ಶಾಲು ಹೊದೆಯಲಿ, ತೆಗೆದದ್ದನ್ನು ತೋರಿಸಿ. ಬೇಡ ಅಂದದ್ದನ್ನು ಅವರ ಕಣ್ಣೆದುರೇ ಅಳಿಸಿ. ಹೀಗೆ ಮಾಡಿದಲ್ಲಿ ಎರಡನೆಯ ಸುತ್ತಿನ ಚಿತ್ರಗಳೇ ಚೆನ್ನಾಗಿ ಬರುತ್ತವೆ. ಏನು ಕಾಣುತ್ತಿದೆ ಎಂದು ತಿಳಿದ ಮೇಲೆ ಅವರು ತಮ್ಮ ಗೆರೆಯನ್ನು ತಾವೇ ತಿದ್ದತೊಡಗುತ್ತಾರೆ.

9. ಬಣ್ಣದಿಂದ ಕಪ್ಪು-ಬಿಳುಪಿಗೆ

ಹಳೆಯ ಚಿತ್ರಗಳ ಚರ್ಮದಲ್ಲಿ ಕಾಣುವ ಆ ಗಟ್ಟಿ, ಕಂಚಿನಂಥ ಗುಣಕ್ಕೆ ಅರ್ಧ ಕಾರಣ ಫಿಲ್ಮು. ಆರ್ಥೊಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದಿಲ್ಲ. ಚರ್ಮದಲ್ಲಿ ಕೆಂಪು ಹೆಚ್ಚು. ಹಾಗಾಗಿ ತುಟಿ, ಮಚ್ಚೆ, ಬಿಸಿಲಿನ ಕಲೆ ಎಲ್ಲ ಕಪ್ಪಾಗಿ, ಚರ್ಮದ ಮೇಲ್ಮೈ ಸ್ಪಷ್ಟವಾಗಿ ಮೂಡುತ್ತದೆ. ಪ್ಯಾಂಕ್ರೊಮ್ಯಾಟಿಕ್ ಫಿಲ್ಮು ಎಲ್ಲ ಬಣ್ಣ ನೋಡುತ್ತದೆ, ಚರ್ಮ ನಯವಾಗಿ ತಿಳಿಯಾಗುತ್ತದೆ.

ಡಿಜಿಟಲ್ಲಿನಲ್ಲಿ ಇದನ್ನು ಚಾನೆಲ್‌ಗಳಿಂದ, ಅಂದರೆ ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಿಂದ ಮಾಡಿಕೊಳ್ಳಬಹುದು. ಬಣ್ಣದ ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲು) ತೆಗೆಯಿರಿ. ಉಚಿತವಾಗಿ ಸಿಗುವ, ಫೋಟೊ ತಿದ್ದುವ ತಂತ್ರಾಂಶ ಗಿಂಪ್‌ನಲ್ಲಿ ಮಾನೊ ಮಿಕ್ಸರ್ ತೆರೆದು, ಕೆಂಪು 0, ಹಸಿರು 0.7, ನೀಲಿ 0.3 ಇಟ್ಟು ನೋಡಿ: ಆರ್ಥೊ ಹತ್ತಿರ ಬರುತ್ತದೆ. ಕೆಂಪು 0.8, ಹಸಿರು 0.2, ನೀಲಿ 0 ಇಟ್ಟರೆ ಅದೇ ಮೈ ಒಳಗಿನಿಂದ ಬೆಳಗಿದಂತೆ. ಫೋನಿನ ಸ್ನ್ಯಾಪ್‌ಸೀಡ್‌ನ ಕಪ್ಪು-ಬಿಳುಪು ವಿಭಾಗದಲ್ಲೂ ಬಣ್ಣದ ಫಿಲ್ಟರುಗಳಿವೆ. ನಮ್ಮ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಇಲ್ಲಿ ಅದ್ಭುತ ಕೆಲಸ ಮಾಡುತ್ತದೆ: ಹಸಿರು, ನೀಲಿ ಚಾನೆಲ್‌ನಲ್ಲಿ ಅದು ಕಪ್ಪು ನೀರಿನಂತೆ ಆಳವಾಗುತ್ತದೆ, ಕೆಂಪಿನಲ್ಲಿ ಬೂದಾಗಿ ತೇಲುತ್ತದೆ. ಒಂದೇ ಫೈಲಿನಿಂದ ಎರಡನ್ನೂ ಮಾಡಿ ಪಕ್ಕಪಕ್ಕ ಇಡಿ. ಚರ್ಮವನ್ನು ನುಣುಪು ಮಾಡುವ ಆ್ಯಪುಗಳನ್ನು ಮುಟ್ಟಬೇಡಿ. ರೋಮ, ನೆರಿಗೆ, ಹೆರಿಗೆಯ ಗೆರೆ ಇವೆಲ್ಲ ಇರಲಿ.

ಫಿಲ್ಮಿನಲ್ಲೇ ಮಾಡುವವರಿಗೆ ಇಲ್ಫರ್ಡ್ ಎಚ್‌ಪಿ5 ಪ್ಲಸ್ ನಂಬಿಕೆಯದು. ಆರ್ಥೊ ಪ್ಲಸ್ ಎಂಬ ನಿಜವಾದ ಆರ್ಥೊ ಫಿಲ್ಮೂ ಇದೆ, ಹಗಲಿನಲ್ಲಿ ಅದರ ವೇಗ (ಬೆಳಕಿಗಿರುವ ಸೂಕ್ಷ್ಮತೆ, ಐಎಸ್‌ಒ) 80. ಎಚ್‌ಪಿ5 ಅನ್ನು 400ರ ವೇಗದಲ್ಲಿ ತೆಗೆದು, ಚಿತ್ರ ಮೂಡಿಸುವ ಐಡಿ-11 ಡೆವಲಪರಿಗೆ ಅಷ್ಟೇ ನೀರು (1+1) ಬೆರೆಸಿ 20 ಡಿಗ್ರಿಯಲ್ಲಿ 13 ನಿಮಿಷ. ನಮ್ಮ ತೊಂದರೆ ಆ 20 ಡಿಗ್ರಿ. ಬೇಸಿಗೆಯಲ್ಲಿ ನಲ್ಲಿ ನೀರೇ ಅದಕ್ಕಿಂತ ಬಹಳ ಬಿಸಿ. ಬಕೆಟ್ಟಿನಲ್ಲಿ ಐಸ್ ನೀರಿಟ್ಟು ಅದರೊಳಗೆ ಡೆವಲಪರ್, ಫಿಕ್ಸರ್, ತೊಳೆಯುವ ನೀರಿನ ಬಾಟಲಿಗಳನ್ನು ಒಟ್ಟಿಗೆ ಇಟ್ಟು ತಣಿಸಿ. ತಣ್ಣಗಿನ ಡೆವಲಪರಿನಿಂದ ತೆಗೆದು ಬಿಸಿ ನೀರಿಗೆ ಹಾಕಿದರೆ ಫಿಲ್ಮಿನ ಪದರ ನಲುಗಬಹುದು.

10. ಪ್ರಿಂಟು

ವೆಸ್ಟನ್ ತಮ್ಮ ದೊಡ್ಡ ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಒತ್ತಿ, ಮೇಲೆ ತೂಗುಬಿಟ್ಟ ಒಂದು ಬಲ್ಬಿನ ಬೆಳಕಿನಲ್ಲಿ ಪ್ರಿಂಟ್ ಮಾಡುತ್ತಿದ್ದರು. ಹಾಗಾಗಿ ಅವರ ಪ್ರಿಂಟು 8×10 ಇಂಚಿಗಿಂತ ದೊಡ್ಡದಲ್ಲ. ಕೈಯಲ್ಲಿ ಹಿಡಿದು ನೋಡುವ ಅಳತೆ. ನೀವೂ ಆ ಅಳತೆಗೇ ನಿಲ್ಲಿ. ಗೋಡೆ ತುಂಬುವ ದೇಹಚಿತ್ರ ನೋಡುವವರನ್ನು ಹಿಂದಕ್ಕೆ ತಳ್ಳುತ್ತದೆ. ಡಾರ್ಕ್‌ರೂಮ್ ಇಲ್ಲದವರು ಪಿಗ್ಮೆಂಟ್ ಶಾಯಿಯಲ್ಲಿ, ಹಳೆಯ ಬೆಳ್ಳಿ ಪ್ರಿಂಟಿನ ಕಾಗದದಂಥ ಬರೈಟಾ ಕಾಗದದ ಮೇಲೆ ಮುದ್ರಿಸಿಕೊಡುವ ಲ್ಯಾಬ್ ಹುಡುಕಿ. ಮೊದಲು ಸಣ್ಣ ತುಂಡೊಂದನ್ನು ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ಕಂಬಳಿಯ ಕಪ್ಪಿನೊಳಗೆ ಮೈಯ ಅಂಚು ಇನ್ನೂ ಬೇರೆಯಾಗಿ ಕಾಣುತ್ತದೆಯೇ ಎಂದು ನೋಡಿ. ಪರದೆ ಹೊಳೆಯುತ್ತದೆ, ಕಾಗದ ಹೊಳೆಯುವುದಿಲ್ಲ. ಸಾಮಾನ್ಯವಾಗಿ ಚಿತ್ರವನ್ನು ಒಂದು ಹಂತ ತಿಳಿ ಮಾಡಬೇಕಾಗುತ್ತದೆ.

ಎರಡು ಪ್ರಿಂಟ್ ಹಾಕಿಸಿ. ಮೊದಲನೆಯದು ರೂಪದರ್ಶಿಗೆ, ಒಪ್ಪಂದದ ಪ್ರತಿಯ ಜೊತೆ. ನಿಮ್ಮದರ ಹಿಂದೆ ಮೆದು ಪೆನ್ಸಿಲಿನಲ್ಲಿ ತಾರೀಖು, ಕಾಗದ, ಮತ್ತು ಅವರು ಒಪ್ಪಿದ್ದರೆ ಅವರ ಹೆಸರು ಬರೆಯಿರಿ. ಬಾಲ್‌ಪೆನ್ನು ಎದುರಿಗೆ ಅಚ್ಚೊತ್ತುತ್ತದೆ. ಫೈಲುಗಳು ಫೋನಿನ ಗ್ಯಾಲರಿಯಲ್ಲಿ, ತಾನಾಗಿ ಕ್ಲೌಡಿಗೆ ಏರುವ ಕಡೆ ಇರಬಾರದು. ಪಾಸ್‌ವರ್ಡ್ ಇರುವ ಬೇರೆ ಡ್ರೈವಿಗೆ ಸರಿಸಿ. ನೆಗೆಟಿವ್ ಮತ್ತು ಪ್ರಿಂಟುಗಳನ್ನು ಆಮ್ಲರಹಿತ ಲಕೋಟೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ ಇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಆ ಜೆಲ್ಲನ್ನು ತಿಂಗಳಿಗೊಮ್ಮೆ ಬಿಸಿ ಮಾಡಿ ಒಣಗಿಸಬೇಕು, ಇಲ್ಲವಾದರೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.